ಹೊಳೆ ಎರಡು ಬೆರಳು ದೂರ

ನಮ್ಮ ಮಾವ ಮೂರು ಸೊಸೆಯರನ್ನು ಮನೆಗೆ ತಂದದ್ದು ಒಂದು ನಕ್ಷೆ ತೋರಿಸಿ. ಮೂವರಲ್ಲಿ ನಾನು ಕೊನೆಯವಳು. ಹಾಗಾಗಿ ನನ್ನ ಸರದಿ ಬರುವಷ್ಟರಲ್ಲಿ ಅವರಿಗೆ ಹೇಳಬೇಕಾದ ಮಾತೆಲ್ಲ ಚೆನ್ನಾಗಿ ಬಾಯಿಪಾಠವಾಗಿತ್ತು.

ನಕ್ಷೆ ಅಂದರೆ ಶಾಲೆಯ ಗೋಡೆಗೆ ತೂಗುಹಾಕುವ ಭಾರತದ ಭೂಪಟವಲ್ಲ. ಸರ್ವೆಯವರು ಮಾಡುವಂಥದ್ದು. ಒಂದೇ ಹಾಳೆಯಲ್ಲಿ ಹತ್ತಾರು ಊರು, ಕೆರೆ, ತೋಪು, ಗುಡಿ, ಗಾಡಿ ಜಾಡು, ಬಾವಿ ಎಲ್ಲವನ್ನೂ ಇರುವೆಯಷ್ಟು ಸಣ್ಣದಾಗಿ ಬರೆದಿರುತ್ತಾರಲ್ಲ, ಅದು. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಒಂದು ಸರ್ವೆ ತಂಡ ಬಂದು ನನ್ನ ಗಂಡನ ಊರಿನ ಶಾಲೆಯಲ್ಲಿ ತಿಂಗಳುಗಟ್ಟಲೆ ಠಿಕಾಣಿ ಹೂಡಿತ್ತಂತೆ. ಮಾವ ಅವರಿಗೆ ದಿನಾ ಒಂದು ತಂಬಿಗೆ ಮಜ್ಜಿಗೆ ಕಳಿಸುತ್ತಿದ್ದರಂತೆ. ಹೊರಡುವಾಗ ಅವರು ಮೂಲೆ ಹರಿದ ಒಂದು ಹಳೇ ಹಾಳೆಯನ್ನು ಮಾವನ ಕೈಗಿಟ್ಟು ಹೋದರು. ಮಾವ ಅದನ್ನು ಸುರುಳಿ ಸುತ್ತಿಕೊಂಡು ಹುಣಸೂರಿಗೆ ಹೋಗಿ, ದೇವರ ಪಟಕ್ಕೆ ಕಟ್ಟು ಹಾಕುವವನ ಅಂಗಡಿಯಲ್ಲಿ ಗಾಜು ಹಾಕಿಸಿ ತಂದರು. ಹಾಗಾಗಿ ಅದಕ್ಕೂ ದೇವರ ಪಟದ್ದೇ ಚಿನ್ನದ ಬಣ್ಣದ ಕಟ್ಟು, ನಡುಮನೆಯ ಗೋಡೆಯಲ್ಲಿ ಲಕ್ಷ್ಮಿಗೂ ಮಾದಪ್ಪನಿಗೂ ಮಧ್ಯದಲ್ಲಿ ಜಾಗ. ನಮ್ಮತ್ತೆ ಪಾಪ, ಓದು ಬಾರದ ಹೆಂಗಸು. ಕಟ್ಟು ನೋಡಿ ಇದೂ ಯಾವುದೋ ದೇವರೇ ಇರಬೇಕು ಅಂತ ಶುಕ್ರವಾರ ಶುಕ್ರವಾರ ಅದಕ್ಕೂ ಒಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಬೊಟ್ಟು ಸರಿಯಾಗಿ ರಾವಂದೂರಿನ ಮೇಲೆ ಬೀಳುತ್ತಿತ್ತು. ವರ್ಷಗಳು ಕಳೆದಂತೆ ಗಾಜಿನ ಮೇಲೆ ಅದು ಗಟ್ಟಿಯಾಗಿ, ಒಂದು ಇಡೀ ಹೋಬಳಿ ಕುಂಕುಮದಡಿ ಮುಚ್ಚಿಹೋಗಿತ್ತು.

ಆ ನಕ್ಷೆಯಲ್ಲಿ ಹಳದಿ ಅಂದರೆ ಉಳುವ ಭೂಮಿ, ಕೆಂಪು ಚುಕ್ಕೆಗಳು ಅಂದರೆ ಮನೆಗಳು, ನೀಲಿ ಅಂದರೆ ನೀರು. ದಪ್ಪನೆಯ ನೀಲಿಯಲ್ಲಿ ಡೊಂಕುಡೊಂಕಾಗಿ ಹರಿಯುವುದು ಕಾವೇರಿ. ನಮ್ಮ ಕಡೆ ಯಾರೂ ಅದನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹೊಳೆ ಅಂದರೆ ಮುಗಿಯಿತು. ಇವಲ್ಲದೆ ಹಾಳೆಯ ತುಂಬ ಕಂದು ಬಣ್ಣದ ನೂಲಿನಂಥ ಗೆರೆಗಳು, ಒಂದರ ಪಕ್ಕ ಒಂದು ಸುತ್ತಿ ಬಳಸಿ ಹೋಗುತ್ತಿದ್ದವು. ಅವು ಏನು ಅಂತ ಆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮ ಕಡೆ ಗಂಡಿನವರು ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನವರು ಗಂಡಿನ ಮನೆ ನೋಡಲು ಬರುತ್ತಾರೆ. ಹೆಸರಿಗೆ ಮನೆ ನೋಡುವುದು, ನಿಜವಾಗಿ ನೋಡುವುದು ನೀರನ್ನು. ಯಾರೋ ಒಬ್ಬ ಸೋದರಮಾವ ಒಂದಕ್ಕೆ ಹೋಗುವ ನೆಪ ಹೇಳಿ ಹಿತ್ತಲಿಗೆ ಹೋಗಿ ಬೋರಿನ ಪೈಪು ಮುಟ್ಟಿ ನೋಡಿ ಬರುತ್ತಾನೆ. ಒಬ್ಬಳು ಚಿಕ್ಕಮ್ಮ ಬಚ್ಚಲ ಹಂಡೆಯೊಳಗೆ ಇಣುಕುತ್ತಾಳೆ. ಕಾಫಿ ತಿಂಡಿಗೆ ಅಡ್ಡಿಯಿಲ್ಲ, ಆದರೆ ಒಪ್ಪಿಗೆಯಾಗದೆ ಊಟಕ್ಕೆ ಕೂರುವುದಿಲ್ಲ. ಎಲೆ ಮುಂದೆ ಕೂತರೋ, ಹೆಣ್ಣು ಕೊಟ್ಟ ಹಾಗೇ. ಒಪ್ಪದವರು ಮಧ್ಯಾಹ್ನ ಒಂದೂವರೆಯಾಗಿ ಹೊಟ್ಟೆ ತಾಳ ಹಾಕುತ್ತಿದ್ದರೂ ‘ಬಸ್ಸಿಗೆ ಟೈಮಾಯ್ತು’ ಅಂತ ಎದ್ದುಬಿಡುತ್ತಾರೆ.

ನನ್ನ ತವರು ಕೆ.ಆರ್. ನಗರದ ಕಡೆ, ನಾಲೆಯ ಬಯಲು. ಮನೆ ಬಾಗಿಲಲ್ಲಿ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ. ನಾಲೆ ಕಡೆಯವರು ಮಳೆ ನಂಬಿಕೊಂಡ ಬೆದ್ದಲು ಊರಿಗೆ ಹೆಣ್ಣು ಕೊಡುವುದಿಲ್ಲ. ಕೊಟ್ಟರೆ ಹುಡುಗಿಯಲ್ಲಿ ಏನೋ ಐಬಿದೆ ಅಂತ ಜನ ಆಡಿಕೊಳ್ಳುತ್ತಾರೆ. ನನ್ನಲ್ಲಿ ಬಾಯಿ ಬಿಟ್ಟರೆ ಬೇರೆ ಐಬೇನೂ ಇರಲಿಲ್ಲ. ಆದರೂ ಪಿರಿಯಾಪಟ್ಟಣದ ಈ ಬೆದ್ದಲಿಗೆ ನಮ್ಮಪ್ಪ ಮನೆ ನೋಡಲು ಬಂದ. ಒಂದು ಬೇಸಿಗೆಯ ದಿನ, ನಮ್ಮ ದೊಡ್ಡಪ್ಪನ ಜೊತೆ.

ಅವತ್ತು ನಡೆದದ್ದನ್ನು ಮಾವ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು. ನಕ್ಷೆಯ ಮುಂದೆ ನಿಂತು, ತೋರುಬೆರಳು ಮಧ್ಯದ ಬೆರಳು ಎರಡನ್ನೂ ಜೋಡಿಸಿ ಗಾಜಿನ ಮೇಲೆ ಅಡ್ಡಲಾಗಿ ಇಟ್ಟರಂತೆ. ಬೆರಳಿನ ಒಂದು ಅಂಚಿಗೆ ನಮ್ಮೂರಿನ ಕೆಂಪು ಚುಕ್ಕೆ, ಇನ್ನೊಂದು ಅಂಚಿಗೆ ಹೊಳೆಯ ನೀಲಿ.

“ನೋಡಿ ಬೀಗರೆ, ಇದು ನಮ್ಮೂರು, ಇದು ಹೊಳೆ. ಎಸ್ಟ್ ದೂರ? ಎರಡ್ ಬೆರಳು. ಇವತ್ತಲ್ಲ ನಾಳೆ ಮೋಟ್ರು ಇಟ್ರೆ ನೀರು ಬಾಗ್ಲಿಗೇ ಬತ್ತದೆ.”

ದೊಡ್ಡಪ್ಪ ಬಗ್ಗಿ ನೋಡಿ, “ಈ ಕಂದು ಗೆರೆ ಏನ್ರಪ್ಪ?” ಅಂದನಂತೆ.

“ಅದಾ? ಗೆದ್ದಲು ಬುಡಿ. ಗಾಜು ಹಾಕ್ಸೋಕೆ ಮುಂಚೆ ಗೆದ್ದಲು ಓಡಾಡ್ಬುಟ್ಟಿತ್ತು, ಅದರ ಜಾಡು.”

ನಮ್ಮಪ್ಪ ಹಾಳೆಯನ್ನೇ ಸುಮಾರು ಹೊತ್ತು ನೋಡಿದನಂತೆ, ಮೀಸೆ ಸವರಿಕೊಂಡನಂತೆ, ಏನೂ ಮಾತಾಡದೆ ಹೋಗಿ ಊಟಕ್ಕೆ ಕೂತನಂತೆ. ಎರಡು ಸಲ ಪಾಯಸ ಹಾಕಿಸಿಕೊಂಡ ಅನ್ನುವುದನ್ನು ಮಾವ ಮರೆಯದೆ ಸೇರಿಸುತ್ತಿದ್ದರು.

ಮದುವೆಯಾದ ಮೂರನೇ ವಾರ ನನಗೆ ಸತ್ಯ ಗೊತ್ತಾಯಿತು. ಹೊಳೆ ಹತ್ತಿರದಲ್ಲೇ ಇದೆಯಲ್ಲ ಅಂತ ಒಂದು ಗಂಟು ಬಟ್ಟೆ ಹೊತ್ತು ಒಗೆಯಲು ಹೊರಟೆ. ಇಳಿಯುವಾಗ ಏನೂ ಅನ್ನಿಸಲಿಲ್ಲ, ತಂಪು ಗಾಳಿಗೆ ಹಾಡು ಬೇರೆ ಹೇಳಿಕೊಂಡು ಹೋದೆ. ಒದ್ದೆ ಬಟ್ಟೆಯ ಗಂಟು ತಲೆ ಮೇಲಿಟ್ಟು ತಿರುಗಿದಾಗ ನನ್ನ ಮುಂದೆ ಒಂದು ದಿಬ್ಬ ನಿಂತಿತ್ತು. ಅದು ಮುಗಿದರೆ ಇನ್ನೊಂದು. ಅದರ ಮೇಲೆ ನಮ್ಮೂರು. ಮನೆ ಸೇರುವಷ್ಟರಲ್ಲಿ ಗಂಟಿನ ನೀರೆಲ್ಲ ನನ್ನ ಬೆನ್ನ ಮೇಲೆ ಹರಿದು ಅರ್ಧ ಬಟ್ಟೆ ಒಣಗಿಯೇ ಹೋಗಿತ್ತು. ಹೊಳೆ ದೂರವಿರಲಿಲ್ಲ, ಕೆಳಗಿತ್ತು. ಆ ಆಳದಿಂದ ನೀರು ಎತ್ತಿ ಹೊಲಕ್ಕೆ ಹಾಯಿಸುವ ಮೋಟರು ನಮ್ಮ ಮಾವನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅವತ್ತು ಹಿಡಿದ ಸಿಟ್ಟು ಮಾವನ ಮೇಲೆ ತಿರುಗಲಿಲ್ಲ. ಅವರು ಕಿಲಾಡಿ ಮನುಷ್ಯ, ಹುಡುಗರಿಗೆ ಮದುವೆ ಮಾಡಬೇಕಿತ್ತು, ಮಾಡಿದರು. ನನ್ನ ಸಿಟ್ಟು ಅಪ್ಪನ ಮೇಲೆ. ಹುಟ್ಟಿದಾಗಿನಿಂದ ನಾಲೆ ನೀರು ಕಟ್ಟಿದ ಮನುಷ್ಯ ಒಂದು ಕಾಗದ ನೋಡಿ ಮರುಳಾದನಲ್ಲ! ಹಬ್ಬಕ್ಕೆ ತವರಿಗೆ ಹೋದಾಗ ಹೊಸ್ತಿಲಲ್ಲೇ ಎರಡು ಬೆರಳು ಎತ್ತಿ ತೋರಿಸಿದೆ. “ಏನಪ್ಪ, ಎಸ್ಟ್ ದೂರ?” ಅಪ್ಪ ನಕ್ಕು ಸುಮ್ಮನಾದ. ಅಲ್ಲಿಂದಾಚೆ ಅದೇ ನಮ್ಮಿಬ್ಬರ ಮಾತು. ಹಬ್ಬಕ್ಕೆ ಹೋದರೂ ಅದೇ, ತಿಥಿಗೆ ಹೋದರೂ ಅದೇ. ಮೊಬೈಲು ಬಂದ ಮೇಲೆ ಭಾನುವಾರ ಭಾನುವಾರ ಫೋನು ಮಾಡಿ ಬಯ್ಯುವ ಅನುಕೂಲವಾಯಿತು. ಬೋರು ಬತ್ತಿದರೆ ಅಪ್ಪನಿಗೆ ಬಯ್ಗುಳ, ರಾಗಿ ಒಣಗಿದರೆ ಅಪ್ಪನಿಗೆ ಬಯ್ಗುಳ, ನನ್ನ ಗಂಡನ ಮೇಲಿನ ಕೋಪಕ್ಕೂ ಅಪ್ಪನಿಗೇ ಬಯ್ಗುಳ. ಪುಣ್ಯಾತ್ಮ ಒಂದು ದಿನವೂ ತಿರುಗಿ ಮಾತಾಡಲಿಲ್ಲ.

ಅವ್ವ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಸೊಂಟ ಆಗಲೇ ಬಾಗಿ ಹೋಗಿತ್ತು. ಎದ್ದು ನಿಂತರೂ ಕಣ್ಣು ನೆಲದ ಮೇಲೇ. ಮನೆಗೆ ಯಾರೇ ಬಂದರೂ ಮೊದಲು ಪಾದ ನೋಡಿ ಗುರುತು ಹಿಡಿದು, ‘ನೀನಾ? ಬಾ’ ಅನ್ನುತ್ತಿದ್ದಳು. ಅದು ನಮಗೆಲ್ಲ ತಮಾಷೆಯಾಗಿತ್ತು. ಅವಳು ತೀರಿಕೊಂಡು ಎಷ್ಟೋ ವರ್ಷವಾದರೂ ನನ್ನ ತಮ್ಮ ಈಗಲೂ ಅವಳ ಹಾಗೇ ನೆಲ ನೋಡಿ ಮಾತಾಡಿಸಿ ಮಕ್ಕಳನ್ನು ನಗಿಸುತ್ತಾನೆ.

ಇನ್ನು ನನ್ನ ಮಗನ ವಿಷಯ. ಹೆಣ್ಣು ಹುಡುಕುವ ಹೊತ್ತಿಗೆ ಮೂವತ್ತೊಂದು ವಯಸ್ಸು. ಹೊಗೆಸೊಪ್ಪು, ರಾಗಿ, ಒಂದಿಷ್ಟು ಶುಂಠಿ ಮಾಡಿಕೊಂಡು ಊರಲ್ಲೇ ಇದ್ದಾನೆ. ನೋಡಲು ಅವರಪ್ಪನಿಗಿಂತ ಎಷ್ಟೋ ವಾಸಿ. ಕುಡಿಯುವುದಿಲ್ಲ, ನಾನು ಕಂಡಂತೆ. ಆದರೆ ಈಗ ನಾಲೆ ಊರಿರಲಿ, ಬೆದ್ದಲು ಊರಿನವರೂ ಬೆದ್ದಲಿಗೆ ಹೆಣ್ಣು ಕೊಡುವುದಿಲ್ಲ. ಆರು ಮನೆಯವರು ಬಂದು ನೋಡಿ ಹೋದರು. ಆರೂ ಮನೆಯವರು ಒಂದೂವರೆಗೆ ಸರಿಯಾಗಿ ‘ಬಸ್ಸಿಗೆ ಟೈಮಾಯ್ತು’ ಅಂದರು. ಅವರು ಬಂದದ್ದು ಕಾರಿನಲ್ಲಿ. ಪ್ರತಿ ಸಲ ಅವರನ್ನು ಕಳಿಸಿ ಬಂದು ಮಗ ಏನೂ ಆಗದವನ ಹಾಗೆ ಅಂಗಿ ಬದಲಿಸಿ ಹೊಲಕ್ಕೆ ಹೋಗುತ್ತಿದ್ದ. ಅವನು ಹೋದ ಮೇಲೆ ಅಷ್ಟು ಜನಕ್ಕೆ ಮಾಡಿದ ಅಡುಗೆಯನ್ನು ನೋಡಿಕೊಂಡು ನಾನು ಅಳುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯೇನಿಲ್ಲ.

ಏಳನೆಯದು ಕೆ.ಆರ್. ನಗರದ ನಾಲೆ ಕಡೆಯ ಸಂಬಂಧ. ಬ್ರೋಕರು ಹುಡುಗಿ ಎಂ.ಎ. ಓದಿದ್ದಾಳೆ, ಹುಣಸೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ ಅಂದ. ನಾವು ಹುಡುಗಿಯ ಎತ್ತರ ಕೇಳಿದೆವು, ನಕ್ಷತ್ರ ಕೇಳಿದೆವು, ಅವರಮ್ಮ ಜಗಳಗಂಟಿಯೋ ಅಂತಲೂ ಕೇಳಿದೆವು. ಎಂ.ಎ.ಯಲ್ಲಿ ಏನು ಓದಿದ್ದಾಳೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಅವರು ಮನೆ ನೋಡಲು ಬರುವ ಹಿಂದಿನ ದಿನ ನನ್ನ ಯಜಮಾನರು ಅಟ್ಟ ಹತ್ತಿ, ಮಾವ ಹೋದ ಮೇಲೆ ಬಣ್ಣ ಹೊಡೆಸುವಾಗ ಎತ್ತಿಟ್ಟಿದ್ದ ನಕ್ಷೆಯನ್ನು ಇಳಿಸಿದರು.

“ಏನದು?” ಅಂದೆ, ಗೊತ್ತಿದ್ದೂ.

“ನಮ್ಮಪ್ಪಂದು. ಮೂರ್ ಮದ್ವೆ ಮಾಡ್ಸೈತೆ ಇದು. ಇನ್ನೊಂದ್ ಮಾಡ್ಸಕಿಲ್ವ?”

“ನಿಮ್ಗೆ ನಾಚ್ಕೆ ಆಗಲ್ವ?”

“ನಾನೇನ್ ಸುಳ್ ಹೇಳ್ತೀನಾ? ಸರ್ಕಾರದೋರು ಬರೆದಿರದ್ನ ತೋರಿಸ್ತೀನಿ, ಅಷ್ಟೆಯ.”

ಅದೇ ನನ್ನ ಸಂಕಟ. ಆ ಹಾಳೆಯಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ನನಗೋ ಸೊಸೆ ಬೇಕಿತ್ತು, ತುಂಬ ಬೇಕಿತ್ತು. ಆದರೆ ನನ್ನ ಹಾಗೆ ಇನ್ನೊಬ್ಬಳು ಒದ್ದೆ ಗಂಟು ಹೊತ್ತು ಆ ದಿಬ್ಬದ ಬುಡದಲ್ಲಿ ನಿಂತು ನಮ್ಮ ಮನೆಯನ್ನು ಶಪಿಸುವುದು ಬೇಡವಾಗಿತ್ತು. ಎರಡೂ ಒಟ್ಟಿಗೆ ಆಗುವ ಹಾಗಿರಲಿಲ್ಲ. ಏನು ಮಾಡಿದೆ ಅಂತೀರಾ? ಹಳೇ ಪೇಪರು ಒದ್ದೆ ಮಾಡಿಕೊಂಡು ಬಂದು ಗಾಜು ಒರೆಸಿಕೊಟ್ಟೆ. ಅತ್ತೆಯ ಕುಂಕುಮ ಮಾತ್ರ ಬಿಡಲಿಲ್ಲ, ರಾವಂದೂರು ಹಾಗೇ ಮುಚ್ಚಿಕೊಂಡಿತ್ತು.

ಮಾರನೆಯ ದಿನ ಹನ್ನೊಂದಕ್ಕೆ ಅವರು ಬಂದರು. ಹುಡುಗಿಯ ಅಪ್ಪ, ಅಮ್ಮ, ಸೋದರಮಾವ. ಜೊತೆಗೆ ಹುಡುಗಿ. ಮನೆ ನೋಡಲು ಹುಡುಗಿಯೇ ಬರುವುದನ್ನು ನಾನು ಅವತ್ತೇ ಕಂಡದ್ದು. ಚೂಡಿದಾರ, ಕಾಲಿಗೆ ಗಟ್ಟಿ ಚಪ್ಪಲಿ, ಕಣ್ಣಿಗೆ ಕನ್ನಡಕ. ಅತ್ತೆ ಮಾವ ಇಬ್ಬರೂ ಇರಲಿಲ್ಲ, ಭಾವಂದಿರು ಬೇರೆಯಾಗಿದ್ದರು. ನಮ್ಮ ಕಡೆ ಹಿರಿಯರು ಅಂತ ಒಬ್ಬರು ಇರಲಿ ಎಂದು ತಮ್ಮನ ಮನೆಯಿಂದ ನಮ್ಮಪ್ಪನನ್ನು ಕರೆಸಿದ್ದೆವು. ಎಂಬತ್ತು ದಾಟಿದ ಜೀವ, ಮೂಲೆಯ ಕುರ್ಚಿಯಲ್ಲಿ ಕೋಲು ಹಿಡಿದು ಕೂತಿತ್ತು. ಮಗ ಬಾಗಿಲ ಹತ್ತಿರ ಹೊರಗೆ ಮುಖ ಮಾಡಿ ನಿಂತಿದ್ದ.

ತಿಂಡಿಯಾಯಿತು. ಸೋದರಮಾವ ಹಿತ್ತಲಿಗೆ ಹೋಗಿ ಬೋರು ಮುಟ್ಟಿ ಬಂದ. ಅವನ ಮುಖ ಸಪ್ಪಗಿದ್ದದ್ದು ನೋಡಿ ನನ್ನ ಯಜಮಾನರು ತಡಮಾಡಲಿಲ್ಲ. ಎದ್ದು ನಕ್ಷೆಯ ಮುಂದೆ ನಿಂತು, ಮಾವನ ಹಾಗೇ ಗಂಟಲು ಸರಿಮಾಡಿಕೊಂಡು, ಎರಡು ಬೆರಳು ಜೋಡಿಸಿ ಇಟ್ಟರು. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಡುಗೆಮನೆಯಿಂದ ಕೇಳಿದರೆ ಮಾವನೇ ಎದ್ದು ಬಂದ ಹಾಗಿತ್ತು. ಸೋದರಮಾವನೂ ತನ್ನ ಪಾಲಿನ ಪ್ರಶ್ನೆ ಕೇಳಿದ.

“ಈ ಕಂದು ಗೆರೆ?”

“ಗೆದ್ದಲು ಕಣ್ರಿ. ಗಾಜು ಹಾಕ್ಸೋಕೆ ಮುಂಚೆ—”

ನನಗೆ ಅದಕ್ಕಿಂತ ಹೆಚ್ಚು ಕೇಳಲಾಗಲಿಲ್ಲ. ಸೌಟು ಕೆಳಗಿಟ್ಟು ಕೈ ಒರೆಸಿಕೊಂಡು ಹೊರಗೆ ಬಂದೆ. “ಬಾವ್ವ, ಹೊಳೆ ನೋಡ್ಕಂಡ್ ಬರಾಣ,” ಅಂದೆ ಹುಡುಗಿಗೆ.

“ಈ ಬಿಸ್ಲಲ್ಲಿ ಎಲ್ಲಿಗೆ?” ಅಂದರು ಯಜಮಾನರು. ಅವರ ಕಣ್ಣಿನಲ್ಲಿ ಬೆಂಕಿ.

“ಎರಡ್ ಬೆರಳು ತಾನೆ? ಹಿಂಗೋಗಿ ಹಿಂಗ್ ಬತ್ತೀವಿ.”

ಹುಡುಗಿ ಎದ್ದೇಬಿಟ್ಟಳು. ಕಣ ದಾಟಿ, ಲಂಟಾನ ಬೇಲಿ ದಾಟಿ, ಗಾಡಿ ಜಾಡಿನಲ್ಲಿ ಇಳಿದೆವು. ಕೆಮ್ಮಣ್ಣು ಮುಗಿದು ಕಲ್ಲು ಸಿಕ್ಕಿತು, ಕಲ್ಲು ಮುಗಿದು ಹೊಂಗೆ ಮರಗಳು ಸಿಕ್ಕವು. ಬೇಸಿಗೆಯ ಹೊಳೆ ಬಂಡೆಗಳ ನಡುವೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಹರಿಯುತ್ತಿತ್ತು. ಕಾಲು ತೊಳೆದುಕೊಂಡೆವು. ಅಲ್ಲಿಯವರೆಗೂ ಅವಳು ಕಾಲೇಜಿನ ಮಕ್ಕಳ ಚೇಷ್ಟೆಯ ಸುದ್ದಿ ಹೇಳುತ್ತ ನನ್ನನ್ನು ನಗಿಸುತ್ತಲೇ ಇದ್ದಳು. ಹತ್ತಲು ಶುರುಮಾಡಿದ ಮೇಲೆ ಮಾತು ನಿಂತಿತು. ಮೊದಲು ಅವಳದ್ದು, ಆಮೇಲೆ ನನ್ನದು. ಅರ್ಧ ದಾರಿಯಲ್ಲಿ ಒಂದು ಮರದ ಕೆಳಗೆ ಇಬ್ಬರೂ ಕುಸಿದು ಕೂತೆವು. ನನ್ನ ಮಂಡಿ ಆಗಲೇ ರಾಜೀನಾಮೆ ಕೊಟ್ಟಿತ್ತು.

“ನೋಡ್ ಮಗ,” ಅಂದೆ, ಉಸಿರು ಹಿಡಿದುಕೊಂಡು. “ಈ ನೀರು ನಮ್ಮ ಹೊಲಕ್ಕೆ ಹತ್ತಲ್ಲ. ಮೋಟ್ರು ಇಡ್ತೀನಿ ಇಡ್ತೀನಿ ಅಂತ್ಲೆ ನಮ್ಮ ಮಾವ ಕಣ್ಮುಚ್ಕಂಡ್ರು. ನಮ್ಗಿರದು ಮಳೆ, ಒಂದ್ ಬೋರು, ಅಷ್ಟೆ. ನನ್ ಮಗ ಒಳ್ಳೆವ್ನು, ಅದು ನಿಜ. ನೀರಿನ್ ಮಾತು ಸುಳ್ಳು. ತಿಳ್ಕಂಡು ಒಪ್ಕೊ, ಇಲ್ಲ ಬಸ್ಸಿಗೆ ಟೈಮಾಯ್ತು ಅನ್ನು.”

ಹೇಳಿ ಮುಗಿಸಿದ ಕೂಡಲೇ ಮಗನ ಸಪ್ಪೆ ಮುಖ ಕಣ್ಣ ಮುಂದೆ ಬಂತು. ಇವಳಿಗೆ ಹೇಳಲು ಹೋಗಿ ಅವನ ಬದುಕಿಗೆ ಕಲ್ಲು ಹಾಕಿದೆನಲ್ಲ ಅನ್ನಿಸಿತು.

ಹುಡುಗಿ ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡಳು. “ಗೊತ್ತು ಆಂಟಿ. ಅದು ಗೆದ್ದಲಲ್ಲ.”

“ಹೆಂಗ್ ಗೊತ್ತು?”

“ನಾನು ಓದಿರೋದೇ ಭೂಗೋಳ. ಮಕ್ಕಳಿಗೆ ಪಾಠ ಮಾಡೋದೂ ಅದನ್ನೇ. ಆ ಕಂದು ಗೆರೆ ಅಂದ್ರೆ ನೆಲ ಎಷ್ಟು ಎತ್ತರ ಇದೆ ಅಂತ. ಕುರ್ಚಿಯಿಂದಲೇ ಎಣಿಸಿದೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅಲ್ಲ ಕಣವ್ವ, ಗೊತ್ತಿದ್ಮೇಲೆ ಈ ಬಿಸ್ಲಲ್ಲಿ ನನ್ ಜೊತೆ ಯಾಕ್ ಬಂದೆ?”

“ನೀವು ಹೇಳ್ತೀರೋ ಇಲ್ವೋ ನೋಡೋಣ ಅಂತ.”

ಮೇಲಿನ ಅರ್ಧ ದಾರಿ ಹೇಗೆ ಹತ್ತಿದೆನೋ ನೆನಪಿಲ್ಲ. ಮನೆ ಮುಟ್ಟುವಾಗ ಒಂದೂವರೆ. ಹುಡುಗಿಯ ಅಮ್ಮ ಆಗಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು, “ಬಸ್ಸಿಗೆ ಟೈಮಾಯ್ತು,” ಅನ್ನುತ್ತಿದ್ದರು. ಅಂಗಳದಲ್ಲಿ ಅವರ ಬಿಳೀ ಕಾರು ನಿಂತಿತ್ತು. ಹುಡುಗಿ ಸೀದಾ ನಕ್ಷೆಯ ಹತ್ತಿರ ಹೋಗಿ ಉಗುರಿನಲ್ಲಿ ಗಾಜಿನ ಮೇಲೆ ಒಂದೊಂದೇ ಗೆರೆ ಮುಟ್ಟಿ ತೋರಿಸಿದಳು. “ಅಂಕಲ್, ಇದರಲ್ಲಿ ಗೆರೆಗೊಂದು ಇಪ್ಪತ್ತು ಮೀಟರ್ ಎತ್ತರ. ಹೊಳೆಯಿಂದ ಇಲ್ಲಿಗೆ ಒಂದು, ಎರಡು, ಮೂರು. ಗೆದ್ದಲು ಇಷ್ಟು ಲೆಕ್ಕವಾಗಿ ನಡೆಯಲ್ಲ.”

ನನ್ನ ಯಜಮಾನರ ಮುಖ ನೋಡುವ ಹಾಗಿರಲಿಲ್ಲ. ಅವರಪ್ಪ ಕೊಟ್ಟ ಆಸ್ತಿಯಲ್ಲಿ ದೊಡ್ಡ ಪಾಲೇ ಕೈಬಿಟ್ಟ ಹಾಗೆ ನಿಂತರು. ಆಗ ಮೂಲೆಯ ಕುರ್ಚಿಯಿಂದ ಒಂದು ನಗು ಬಂತು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ನಮ್ಮಪ್ಪ ಕಣ್ಣೊರೆಸಿಕೊಂಡ.

“ಅದು ನಂಗೆ ಅವತ್ತೆ ಗೊತ್ತಿತ್ತು,” ಅಂದ.

“ಏನ್ ಗೊತ್ತಿತ್ತು?” ಅಂದೆ ನಾನು.

“ನೀರ್ ಹತ್ತಲ್ಲ ಅಂತ. ನಾಲೆ ನೀರ್ ಕಟ್ಕಂಡ್ ಬೆಳೆದೋನು ಕಣ್ ಮಗ ನಾನು. ಗದ್ದೇಲಿ ಒಂದ್ ಬೆರಳು ಯತ್ವಾಸ ಇದ್ರೂ ಕಾಲ್ಗೆ ಗೊತ್ತಾಯ್ತದೆ. ಬಸ್ಸಿಳಿದು ಈ ಊರ್ಗೆ ಹತ್ಕಂಡ್ ಬಂದಿದ್ದು ನಾನೇ ತಾನೆ? ನಿಮ್ ಮಾವ ಗೆದ್ದಲು ಅಂದ್ರೆ ನಂಬಕೆ ನಂಗೇನ್ ಹುಚ್ಚಾ?”

ಬಂದವರ ಮುಂದೆ ಅನ್ನುವುದೂ ಮರೆತು ನಾನು ಕೂಗಿದೆ. “ಮತ್ಯಾಕಪ್ಪ ಕೊಟ್ಟೆ?”

“ನೀರಿಲ್ದಿರೋ ಊರ್ನೆ ಹುಡುಕ್ತಿದ್ದೆ.” ಅಪ್ಪ ಕೋಲಿನ ತುದಿಯನ್ನೇ ನೋಡುತ್ತ ಹೇಳಿದ. “ನಿಮ್ಮವ್ವ ನಾಟಿ ಮಾಡಿ ಮಾಡಿ ಮನುಷ್ಯರ ಮಕ ನೋಡದ್ನೆ ಬುಟ್ಬುಟ್ಟಿದ್ಲು. ನಮ್ದು ಆಯ್ತು, ಮುಯ್ಯಾಳು ಅಂತ ಊರೋರ್ದೆಲ್ಲ ಆಯ್ತು. ನಾಟಿ, ಕಳೆ, ಕುಯ್ಲು, ಅದು ಮುಗುದ್ರೆ ತಿರ್ಗ ನಾಟಿ. ನಾಲೇಲಿ ನೀರ್ ನಿಂತ್ರೆ ತಾನೆ ಹೆಂಗಸ್ರು ಸೊಂಟ ಎತ್ತೋದು? ಬೆದ್ಲಿಗೆ ಕೊಟ್ರೆ ಇವ್ಳಾದ್ರೂ ನೆಟ್ಗೆ ನಿಂತ್ಕಂಡು ಬದುಕ್ತಾಳೆ ಅನ್ಕಂಡೆ.”

ಹುಡುಗಿಯ ಅಮ್ಮನ ಕೈ ತನ್ನ ಸೊಂಟದ ಮೇಲೆ ಹೋದದ್ದನ್ನು ನಾನು ನೋಡಿದೆ. ಅವರಿಗೂ ನಾಲೆ ಊರೇ ಅಲ್ಲವೇ.

“ಆದ್ರೆ ನಂಗೂ ಮೋಸ ಆಯ್ತು ಬುಡು,” ಅಂತ ಅಪ್ಪ ಮುಂದುವರಿಸಿದ. “ಮನೆ ಪಕ್ಕ ಅಷ್ಟೆತ್ರ ಗೋಡೆ, ಒಂದ್ ಕಿಟಕಿ ಇಲ್ಲ, ಬೀಗ ಬೇರೆ ಹಾಕವ್ರೆ. ಕಣಜ ಅನ್ಕಂಡೆ. ನೀರಿಲ್ದೆನೆ ಇಷ್ಟ್ ದೊಡ್ಡ ಕಣಜ ಮಡಗವ್ರಲ್ಲ, ಬಲವಾದ್ ಮನೆ ಅಂತ ಊಟಕ್ ಕುಂತೆ. ಹೊಗೆಸೊಪ್ಪು ಬೆಳೀತಾರೆ ಅಂತ ಗೊತ್ತಿತ್ತು. ಮನೇಲೆ ಬೇಯಿಸ್ತಾರೆ ಅಂತ ಯಾವನಿಗ್ ಗೊತ್ತಿತ್ತು?”

ಅದು ನಮ್ಮ ಬ್ಯಾರನ್. ಹೊಗೆಸೊಪ್ಪನ್ನು ಹದ ಮಾಡುವ ಮನೆ. ಎರಡು ಮಹಡಿಯ ಎತ್ತರ, ಕಿಟಕಿ ಇರುವ ಹಾಗಿಲ್ಲ, ಬೇಸಿಗೆಯಲ್ಲಿ ಕೆಲಸವಿಲ್ಲದೆ ಬೀಗ ಹಾಕಿರುತ್ತೇವೆ. ಮಳೆಗಾಲದಲ್ಲಿ ಅಪ್ಪ ಬಂದಿದ್ದರೆ ನೋಡುತ್ತಿದ್ದ. ಮುಂಜಾನೆ ಸೊಪ್ಪು ಮುರಿದು ತಂದು, ಕೂತು ಕೂತು ಕಡ್ಡಿಗೆ ಕಟ್ಟಿ, ಒಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗೆ ಸೌದೆ ಉರಿ ಹಾಕಿ, ವಾರಗಟ್ಟಲೆ ಕಾಯುವುದು. ಸೊಪ್ಪಿನ ಅಂಟಿಗೆ ಕೈ ಕಪ್ಪಾಗಿ, ಹುಣಸೆಹಣ್ಣು ಉಜ್ಜಿದರೂ ಹೋಗದೆ, ತಿನ್ನುವ ಮುದ್ದೆಯೂ ಕಹಿ. ಮೂವತ್ತೆರಡು ವರ್ಷ ನಾನು ಆ ಕಣಜದಲ್ಲಿ ಬೆಂದಿದ್ದೇನೆ. ಸೊಂಟ ಮಾತ್ರ ನೆಟ್ಟಗಿದೆ. ಅದು ನನಗೆ ಹೊಳೆದದ್ದೇ ಆ ಗಳಿಗೆಯಲ್ಲಿ, ಆ ಮುದುಕನನ್ನು ಎದುರಿಗೆ ನಿಂತು ದಿಟ್ಟಿಸುತ್ತಿದ್ದಾಗ.

ಮೊದಲು ನಕ್ಕದ್ದು ಸೋದರಮಾವ. ಆಮೇಲೆ ಎಲ್ಲರೂ. ನನ್ನ ಯಜಮಾನರೂ ಹಲ್ಲು ಬಿಟ್ಟರು, ಬೇರೆ ದಾರಿಯಿರಲಿಲ್ಲ.

ಹುಡುಗಿ ಮಾತ್ರ, “ಬ್ಯಾರನ್ ತೋರಿಸಿ ಆಂಟಿ,” ಅಂದಳು. ಬೀಗ ತೆಗೆದು ಒಳಗೆ ಕರೆದುಕೊಂಡು ಹೋದೆ. ಖಾಲಿಯಿದ್ದರೂ ಹೋದ ವರ್ಷದ ವಾಸನೆ ಮೂಗಿಗೆ ಹೊಡೆಯಿತು. ಅವಳು ತಲೆಯೆತ್ತಿ ಮೇಲಿನ ಗಳುಗಳನ್ನೆಲ್ಲ ನೋಡಿದಳು, ಯಾರು ಹತ್ತುತ್ತಾರೆ, ಯಾರು ಕಟ್ಟುತ್ತಾರೆ ಅಂತ ಕೇಳಿದಳು. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಹೊರಗೆ ಬಂದಾಗ ನನ್ನ ಮಗ ಬಾಗಿಲ ಹತ್ತಿರ ನಿಂತಿದ್ದ.

“ಅದು ಗೆದ್ದಲಲ್ಲ ಅಂತ ನಿಮಗೆ ಗೊತ್ತಿತ್ತಾ?” ಅಂತ ನೇರವಾಗಿ ಅವನನ್ನೇ ಕೇಳಿದಳು.

“ಗೊತ್ತಿತ್ತು,” ಅಂದ. “ಅದ್ಕೆ ನಾನು ಆ ಕಡೆ ತಿರುಗಿ ನಿಂತಿದ್ದೆ.”

ಅವಳು ಅವನನ್ನು ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿದಳು. “ಊಟಕ್ಕೆ ಏನು ಮಾಡಿದೀರಿ ಆಂಟಿ? ಇಳಿದು ಹತ್ತಿ ನನಗಂತೂ ಹಸಿವಾಗಿದೆ.”

ಅವರಮ್ಮ ಹೆಗಲ ಮೇಲಿನ ಬ್ಯಾಗನ್ನು ನಿಧಾನವಾಗಿ ಕೆಳಗಿಟ್ಟರು. ನಾನು ಅಡುಗೆಮನೆಗೆ ಓಡಿದೆ. ಎಲೆ ತೊಳೆಯುವ ನೆಪದಲ್ಲಿ ಮುಖ ತೊಳೆದುಕೊಂಡೆ. ಆ ದಿನ ಪಾತ್ರೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ನಮ್ಮಪ್ಪ ಮತ್ತೆ ಎರಡು ಸಲ ಪಾಯಸ ಹಾಕಿಸಿಕೊಂಡ.

ಅವರ ಕಾರು ಹೊರಟ ಮೇಲೆ ಜಗುಲಿಯ ಮೇಲೆ ಅಪ್ಪನ ಪಕ್ಕ ಕೂತೆ. ಮೂವತ್ತೆರಡು ವರ್ಷ ಈ ಮನುಷ್ಯನನ್ನು ಬೆಪ್ಪ ಅಂತ ಬಯ್ದಿದ್ದೆ. ಅವ್ವ ಪಾದ ನೋಡಿ ಗುರುತು ಹಿಡಿಯುವುದನ್ನು ಕಂಡು ನಾವೆಲ್ಲ ನಕ್ಕಿದ್ದೆವು, ಅಪ್ಪ ನಕ್ಕದ್ದು ನೆನಪಿಗೆ ಬರಲಿಲ್ಲ.

“ಅವತ್ತೆ ಹೇಳಕ್ಕೇನಾಗಿತ್ತಪ್ಪ ನಿಂಗೆ? ಅಷ್ಟ್ ಬಯ್ಸ್ಕಂಡೆಯಲ್ಲ.”

ಅಪ್ಪ ಎಲೆ ಅಡಿಕೆ ಮೆಲ್ಲುತ್ತ ಬೀದಿ ಕಡೆ ನೋಡಿದ. “ಹೇಳ್ಬುಟ್ಟಿದ್ರೆ ನೀನು ಯಾತಕ್ ಫೋನ್ ಮಾಡ್ತಿದ್ದೆ? ಬಯ್ಯೋಕಾದ್ರೂ ಬಾನುವಾರಕ್ಕೊಂದ್ ಸಲ ಮಾಡ್ತಿದ್ದೆ. ನಿನ್ ತಂಗಿ ನೋಡು, ಅವ್ಳ್ಗೆ ಎಲ್ಲಾ ಚೆನ್ನಾಗೈತೆ. ಹಬ್ಬಕ್ಕೊಂದ್ ಮಾಡಿದ್ರೆ ಹೆಚ್ಚು.”

ಸೊಸೆ ಬಂದು ಎರಡು ವರ್ಷವಾಯಿತು. ನಕ್ಷೆ ಅದೇ ಗೋಡೆಯಲ್ಲಿದೆ. ಅವಳು ಏನೋ ಹಚ್ಚಿ ಕುಂಕುಮ ತೆಗೆದಳು, ರಾವಂದೂರು ಮತ್ತೆ ಕಂಡಿತು. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನಾನು ಅಪ್ಪನಿಗೆ ಫೋನು ಹಚ್ಚುತ್ತೇನೆ. ಎರಡು ಬೆರಳಿನ ಮಾತು ಇನ್ನು ಎತ್ತುವ ಹಾಗಿಲ್ಲ. ಅವನು ಫೋನು ತೆಗೆದು ಸುಮ್ಮನೆ ಕಾಯುತ್ತಾನೆ, ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತದೆ.

“ಕಣಜ ಅಂತೆ ಕಣಜ!” ಅಂತ ಶುರುಮಾಡುತ್ತೇನೆ. “ಕಣ್ಣೇನ್ ಕಾಣ್ತಿರ್ಲಿಲ್ವೇನಪ್ಪ ನಿಂಗೆ?”